ಸಂಗಮವೂ ಸ್ವರೂಪವೂ

ಕಿರಿದಾದುದು ಹಿರಿದಾದುದರೊಡನೆ ಕೂಡಿದಾಗ ಅದಕ್ಕೆ ಉಂಟಾಗುವುದು ನಾಶವೋ ಪೂರ್ಣತೆಯೋ ಎಂಬ ಪ್ರಶ್ನೆ ನಮ್ಮ ತತ್ತ್ವವಿಚಾರಕ್ಕೆ ಹೊಸದಲ್ಲ. ಜೀವನಿಗೂ ಪರಮಾತ್ಮನಿಗೂ ಇರುವ ಸಂಬಂಧವನ್ನು ನಿರ್ಣಯಿಸಹೊರಟ ಆಚಾರ್ಯರು ಬೇರೆ ಬೇರೆ ಮಾರ್ಗಗಳಿಂದ ಬಂದು ನಿಂತದ್ದು ಇದೇ ಪ್ರಶ್ನೆಯ ಎದುರಿನಲ್ಲಿ. ಶೃಂಗೇರಿ, ಮೇಲುಕೋಟೆ, ಉಡುಪಿಗಳೆಂಬ ಮೂರು ಕ್ಷೇತ್ರಗಳನ್ನು ಒಂದೇ ನಾಡಿನಲ್ಲಿ ಇಟ್ಟುಕೊಂಡಿರುವ ನಮಗೆ, ಅದಕ್ಕೆ ಸರ್ವರೂ ಒಪ್ಪತಕ್ಕ ಒಂದೇ ಉತ್ತರವಿಲ್ಲವೆಂಬ ಅರಿವು ಹುಟ್ಟಿನಿಂದ ಬಂದದ್ದೆಂದೇ ಹೇಳಬಹುದು. ಆದರೆ ಇಂಥ ಪ್ರಶ್ನೆಗಳು ಮಠಗಳಲ್ಲಿಯೂ ಭಾಷ್ಯಗಳಲ್ಲಿಯೂ ಮಾತ್ರ ನೆಲಸಿರುವಂಥವಲ್ಲ. ಮನುಷ್ಯರು ಎಲ್ಲಿ ಒಂದು ಪ್ರೀತಿಯ ನಿಮಿತ್ತವಾಗಿ ಕೂಡುತ್ತಾರೆಯೋ ಅಲ್ಲಿ ಅವು ಯಾವುದಾದರೊಂದು ವೇಷವನ್ನು ತಳೆದು ಕಾಣಿಸಿಕೊಳ್ಳುತ್ತವೆ. ನಮ್ಮ ಕಾಲದಲ್ಲಿ ಅವು ಕಾಣಿಸಿಕೊಂಡಿರುವ ಒಂದು ಸ್ಥಳ, ಕಂಪ್ಯೂಟರಿನ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಮನಸಾರೆ ಮೆಚ್ಚಿದ ಕೆಲವು ಜನರ ವಾರ್ಷಿಕ ಸಮ್ಮೇಳನ.

ಸಂದರ್ಭ ಸಾಮಾನ್ಯವಾಗಿ ಹೀಗಿರುತ್ತದೆ. ಒಂದು ಭಾಷೆಯನ್ನು ಬಳಸುವವರು ಲೋಕದಲ್ಲೆಲ್ಲ ಚದುರಿಹೋಗಿದ್ದಾರೆ. ಅವರಲ್ಲಿ ಕೆಲವು ನೂರು ಮಂದಿ ವರ್ಷಕ್ಕೊಮ್ಮೆ ಯಾವುದೋ ಒಂದೂರಿನಲ್ಲಿ ಎರಡು ಮೂರು ದಿನ ಸೇರುತ್ತಾರೆ. ಸಭೆಯನ್ನು ನಡಸುವವರು ಸಂಬಳಕ್ಕೆ ದುಡಿಯುವವರಲ್ಲ. ತಮ್ಮ ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು, ಸಭಾಂಗಣವನ್ನು ಗೊತ್ತುಮಾಡಿ, ಉಪನ್ಯಾಸಗಳನ್ನು ಆರಿಸಿ, ಬಂದವರಿಗೆ ಊಟದ ಏರ್ಪಾಡು ಮಾಡಿ, ಕೊನೆಯಲ್ಲಿ ಲೆಕ್ಕ ಸರಿದೂಗಿದರೆ ಸಾಕೆಂದು ಸಮಾಧಾನಪಡುವವರು. ಕಾಲ ಕಳೆದಂತೆ ಬಾಡಿಗೆ ಏರುತ್ತದೆ, ಬರುವವರ ಸಂಖ್ಯೆ ಇಳಿಯುತ್ತದೆ, ಪ್ರಾಯೋಜಕರು ಹಿಂದೆಗೆಯುತ್ತಾರೆ, ನಡಸುವವರ ತಲೆಯೂ ನರೆಯುತ್ತದೆ. ಆಗ ಬೃಹತ್ತಾದೊಂದು ತಂತ್ರಜ್ಞಾನ ಸಮ್ಮೇಳನದಿಂದ ಕರೆ ಬರುತ್ತದೆ: ನೀವು ನಮ್ಮೊಡನೆ ಸೇರಿಕೊಳ್ಳಿರಿ, ನಿಮಗೆಂದೇ ಒಂದು ಕೊಠಡಿಯನ್ನೂ ಒಂದು ಟ್ರ್ಯಾಕನ್ನೂ, ಎಂದರೆ ಉಪನ್ಯಾಸಗಳ ಒಂದು ಸಾಲನ್ನೂ, ಬಿಟ್ಟುಕೊಡುತ್ತೇವೆ, ಊಟ ದೀಪ ಧ್ವನಿವರ್ಧಕಗಳ ಚಿಂತೆ ನಮಗಿರಲಿ. ಕರೆ ಬಹುಮಟ್ಟಿಗೆ ಸದ್ಭಾವದ್ದೇ. ಅದನ್ನು ಒಪ್ಪುವುದೋ ಬಿಡುವುದೋ ಎಂದು ಕುಳಿತು ಆಲೋಚಿಸುವವರ ಮುಂದೆ ಇರುವ ಕಾಗದದಲ್ಲಿ ಆಯವ್ಯಯದ ಅಂಕಿಗಳು ಮಾತ್ರ ಇರುತ್ತವೆ. ಆದರೆ ಅವರ ಮನಸ್ಸನ್ನು ಕಲಕುತ್ತಿರುವುದು ಅಂಕಿಗಳಲ್ಲ. ಸೇರುವುದರಿಂದ ಎಷ್ಟು ಉಳಿತಾಯವಾದೀತೆಂಬುದನ್ನು ಲೆಕ್ಕ ಹೇಳಬಲ್ಲುದು. ಸೇರತಕ್ಕ ವಸ್ತು ಯಾವುದು, ಸೇರಿದ ಬಳಿಕ ಅದು ಅದೇ ಆಗಿ ಉಳಿದಿರುತ್ತದೆಯೆ ಎಂಬುದನ್ನು ಲೆಕ್ಕ ಹೇಳಲಾರದು. ಅದು ಸ್ವರೂಪಜಿಜ್ಞಾಸೆ.

ಈ ಜಿಜ್ಞಾಸೆಗೆ ಒದಗುವ ಉದಾಹರಣೆಗಳಲ್ಲಿ ಪರ್ಲ್ ಎಂಬ ಭಾಷೆಯ ಸಮ್ಮೇಳನದ ಚರಿತ್ರೆಯಷ್ಟು ಬೋಧಪ್ರದವಾದುದು ಇನ್ನೊಂದು ನನಗೆ ತೋರದು. ಪರ್ಲ್ 1987ರ ಡಿಸೆಂಬರಿನಲ್ಲಿ ಲೋಕಕ್ಕೆ ಬಂದಿತು. ಅದರ ಕರ್ತೃವಾದ ಲ್ಯಾರಿ ವಾಲ್ ಅಮೆರಿಕದವರು, ಶ್ರದ್ಧಾವಂತ ಕ್ರೈಸ್ತರು. ಪತ್ನಿಯೊಡನೆ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರವನ್ನು ಅಭ್ಯಾಸಮಾಡಿ, ಲಿಪಿಯಿಲ್ಲದ ಯಾವುದಾದರೊಂದು ಜನಭಾಷೆಯ ನಡುವೆ ಹೋಗಿ ನೆಲಸಿ, ಅದಕ್ಕೆ ಬರಹವನ್ನು ಕಲ್ಪಿಸಿಕೊಡಬೇಕೆಂಬ ಸಂಕಲ್ಪ ಮಾಡಿದ್ದವರು. ದೇಹಾರೋಗ್ಯದ ಕಾರಣದಿಂದ ಆ ಸಂಕಲ್ಪ ಕೈಗೂಡದೆ, ಅವರ ಭಾಷಾಪ್ರೇಮ ಯಂತ್ರದ ಕಡೆಗೆ ಹರಿಯಿತು. ಒಂದು ಕೆಲಸವನ್ನು ಮಾಡಲು ಮಾರ್ಗ ಒಂದೇ ಅಲ್ಲ, ಅನೇಕ ಉಂಟು ಎಂಬುದು ಆ ಭಾಷೆಯ ಮೂಲಮಂತ್ರ. ಬರೆಯುವವನ ಮನೋಧರ್ಮಕ್ಕೆ ಭಾಷೆ ಬಾಗಬೇಕೇ ಹೊರತು ಭಾಷೆಯ ಅಚ್ಚಿಗೆ ಬರೆಯುವವನು ಬಾಗಬೇಕಾದುದಿಲ್ಲ ಎಂಬುದು ಅದರ ತಾತ್ಪರ್ಯ. ಇಂಥ ಭಾಷೆಯ ಸುತ್ತ ಕೂಡಿದ ಜನರಲ್ಲಿ ಒಂದು ಬಗೆಯ ಸ್ನೇಹಶೀಲತೆಯೂ ಔದಾರ್ಯವೂ ಬೆಳೆದುದು ಸಹಜವೇ. ಒಬ್ಬರು ಬರೆದ ಮಾಡ್ಯೂಲ್, ಎಂದರೆ ಇತರರೂ ತಮ್ಮ ಪ್ರೋಗ್ರಾಮಿನಲ್ಲಿ ಬಳಸಬಹುದಾದ ತುಣುಕು, ಎಲ್ಲರಿಗೂ ದೊರೆಯುವಂತೆ 1995ರಲ್ಲಿ ಆ ಜನ ತೆರೆದ ಸಿಪ್ಯಾನ್ ಎಂಬ ಭಂಡಾರ, ಆ ಔದಾರ್ಯದ ಕಣ್ಣಿಗೆ ಕಾಣುವ ರೂಪ.

ಈ ಜನರ ಮೊದಲನೆಯ ದೊಡ್ಡ ಸಮ್ಮೇಳನ 1997ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರದಲ್ಲಿ ನಡೆಯಿತು. ಅದನ್ನು ಏರ್ಪಡಿಸಿದ್ದು ಪರ್ಲ್ ಗ್ರಂಥಗಳ ಪ್ರಕಾಶಕರಾದ ಟಿಮ್ ಓರೈಲಿಯವರ ಸಂಸ್ಥೆ. ಪ್ರೋಗ್ರಾಮರ್ ಎರಿಕ್ ರೇಮಂಡ್, ಮೂಲಬರಹ ಎಲ್ಲರಿಗೂ ತೆರೆದಿರುವ ಪ್ರೋಗ್ರಾಮುಗಳನ್ನು ಕುರಿತ ತಮ್ಮ ‘ದಿ ಕೆಥೀಡ್ರಲ್ ಅಂಡ್ ದಿ ಬಜಾರ್’ ಎಂಬ ಪ್ರಬಂಧವನ್ನು ಆ ಸಭೆಯಲ್ಲಿ ಮಂಡಿಸಿದರು. ಮರುವರ್ಷದ ಆರಂಭದಲ್ಲಿ ಅಂಥ ಪ್ರೋಗ್ರಾಮುಗಳಿಗೆ ‘ಓಪನ್ ಸೋರ್ಸ್’ ಎಂಬ ಹೆಸರು ಹುಟ್ಟಿತು. 1998ರ ಆಗಸ್ಟಿನಲ್ಲಿ ಎರಡನೆಯ ಪರ್ಲ್ ಸಮ್ಮೇಳನ ಮುಗಿದೊಡನೆ ಅದರ ಬೆನ್ನಿಗೇ ಓಪನ್ ಸೋರ್ಸ್ ಕೆಲಸಗಾರರ ಒಂದು ದಿನದ ಕೂಟ ಸೇರಿತು. 1999ರ ಆಗಸ್ಟಿನಲ್ಲಿ ಮಾಂಟರೆ ಎಂಬ ಕಡಲತಡಿಯ ಊರಿನಲ್ಲಿ ಪರ್ಲ್ ಸಮ್ಮೇಳನ ಹಾಗೂ ಪೈಥಾನ್, ಅಪಾಚೆ, ಲಿನಕ್ಸ್ ಮೊದಲಾದ ಓಪನ್ ಸೋರ್ಸ್ ಕೃತಿಗಳ ಸಭೆಗಳೆಲ್ಲ ಒಂದೇ ಚಾವಣಿಯ ಕೆಳಗೆ ಬಂದು, ಓಸ್ಕಾನ್ ಎಂದು ಪ್ರಸಿದ್ಧವಾದ ಮಹಾಸಮ್ಮೇಳನ ಹುಟ್ಟಿತು. ಪರ್ಲ್ ಸಮ್ಮೇಳನವು ಹೀಗೆ ತಾನೇ ಬೀಜವಾಗಿ, ತನ್ನಿಂದ ಹುಟ್ಟಿದುದರೊಳಗೆ ತಾನೇ ಒಂದು ಅಂಗವಾಯಿತು.

ಆ ಕೂಡುವಿಕೆಯಿಂದ ಆದ ಲಾಭವನ್ನು ಮರೆಮಾಚುವುದು ನ್ಯಾಯವಲ್ಲ. ಒಂದು ಭಾಷೆಯನ್ನೇ ಬಲ್ಲವನು ಅಲ್ಲಿ ಪಕ್ಕದ ಕೊಠಡಿಗೆ ಹೋಗಿ ಇನ್ನೊಂದರ ಗುಣವನ್ನು ಕಂಡನು. ತಾನು ಮಾಡುತ್ತಿರುವ ಕೆಲಸ ಒಂದು ಮಹತ್ತರವಾದ ಉದ್ಯಮದ ಭಾಗವೆಂಬ ಭಾವನೆ ಅವನಲ್ಲಿ ಮೂಡಿತು. ಪರ್ಲ್ ಭಾಷೆಯನ್ನು ಬುಡದಿಂದ ಮರುರಚಿಸಬೇಕೆಂಬ ನಿರ್ಧಾರ 2000ದ ಜುಲೈಯಲ್ಲಿ ಪ್ರಕಟವಾದದ್ದೂ ಮಾಂಟರೆಯ ಆ ಮಹಾಸಭೆಯಲ್ಲಿಯೇ. ಆದರೂ ಅದೇ 1999ರಲ್ಲಿ, ಓಸ್ಕಾನ್ ಸೇರುವುದಕ್ಕೆ ಎರಡು ತಿಂಗಳ ಮುಂಚೆ, ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕೆವಿನ್ ಲೆಂಜೊ ಎಂಬವರು ಇನ್ನೊಂದು ಪರ್ಲ್ ಸಮ್ಮೇಳನವನ್ನು ಕೂಡಿಸಿದರು. ಹೆಚ್ಚು ಶುಲ್ಕವನ್ನು ತೆರಲಾರದವರೂ, ಕಂಪನಿಯ ಖರ್ಚಿನಲ್ಲಿ ಪ್ರಯಾಣಮಾಡಲಾರದವರೂ, ವಿದ್ಯಾರ್ಥಿಗಳೂ ಬರಬಹುದಾದಂಥ ಸಭೆ ಅದು. ಯಾಪ್ಸಿ ಎಂದು ಕರೆಸಿಕೊಂಡ ಆ ಸಭೆ ಮರುವರ್ಷ ಲಂಡನ್ನಿಗೂ 2006ರಲ್ಲಿ ಟೋಕಿಯೋಗೂ ಹಬ್ಬಿತು. ಹಿರಿಯ ಸಭೆಯೊಡನೆ ಅದಕ್ಕೆ ವೈರವಿರಲಿಲ್ಲ. ಅನೇಕರು ಎರಡಕ್ಕೂ ಹೋಗುತ್ತಿದ್ದರು. ಆದರೆ ದೊಡ್ಡ ಸಭೆ ಪೂರೈಸಲಾರದ ಯಾವುದೋ ಒಂದು ಅಗತ್ಯವಿದ್ದಿತೆಂಬುದಕ್ಕೆ ಆ ಚಿಕ್ಕ ಸಭೆಯ ಇರವೇ ಪ್ರಮಾಣ.

ಆ ಅಗತ್ಯ ಯಾವುದೆಂದು ತಿಳಿಯಬೇಕಾದರೆ ಅಂಥ ಸಭೆಯ ಒಂದು ಘಳಿಗೆಯನ್ನು ಹತ್ತಿರದಿಂದ ನೋಡಬೇಕು. ಯಾಪ್ಸಿಯಲ್ಲಿ 2000ದಲ್ಲಿ ಬೇರೂರಿದ ‘ಲೈಟ್ನಿಂಗ್ ಟಾಕ್’ ಎಂಬ ಪದ್ಧತಿಯಲ್ಲಿ ಪ್ರತಿಯೊಬ್ಬರಿಗೆ ದೊರೆಯುವುದು ಐದೇ ನಿಮಿಷ. ಮೊದಲ ಸಲ ವೇದಿಕೆಯನ್ನು ಏರುವ ಹುಡುಗಿಯೊಬ್ಬಳು ತಾನು ಬರೆದ ಪುಟ್ಟದೊಂದು ಮಾಡ್ಯೂಲನ್ನು ವಿವರಿಸುತ್ತಾಳೆ. ಅವಳಾದ ಮೇಲೆ ಇಪ್ಪತ್ತು ವರ್ಷ ಆ ಭಾಷೆಯಲ್ಲಿ ಪಳಗಿದವನೊಬ್ಬನು ತನ್ನ ವಿಫಲವಾದ ಪ್ರಯೋಗವನ್ನು ಕುರಿತು ಹೇಳುತ್ತಾನೆ. ಐದನೆಯ ನಿಮಿಷ ತುಂಬಿದೊಡನೆ ಜಾಗಟೆ ಬಾರಿಸುತ್ತಾರೆ, ಮಾತು ನಡುವಾಕ್ಯದಲ್ಲಿದ್ದರೂ ನಿಲ್ಲತಕ್ಕದ್ದು. ಜಾಗಟೆಯ ಎದುರಿನಲ್ಲಿ ಹಿರಿಯ ಕಿರಿಯರೆಂಬ ಭೇದವಿಲ್ಲ. ಬಳಿಕ ಹೊರಗಿನ ಪಡಸಾಲೆಯಲ್ಲಿ ಕಾಫಿಯ ಲೋಟವನ್ನು ಹಿಡಿದು ನಿಂತಾಗ, ಆ ಹುಡುಗಿಯ ಬಳಿಗೆ ಒಬ್ಬರು ಬಂದು, ಇಂಥ ಕಡೆಯಲ್ಲಿ ನಿನ್ನ ಪ್ರೋಗ್ರಾಮು ಎಡವೀತು, ಹೀಗೆ ಮಾಡಿ ನೋಡು ಎಂದು ಲ್ಯಾಪ್‌ಟಾಪನ್ನು ತೆರೆದು ತೋರಿಸುತ್ತಾರೆ. ಅವರು ಯಾರೆಂದು ವಿಚಾರಿಸಿದರೆ, ಅವಳು ದಿನವೂ ಬಳಸುವ ಮಾಡ್ಯೂಲನ್ನು ಬರೆದವರೇ ಅವರು. ಸಮ್ಮೇಳನಗಳಿಗೆ ಹೋಗಿ ಬಲ್ಲವರು ‘ಹಾಲ್‌ವೇ ಟ್ರ್ಯಾಕ್’ ಎಂದು ಕರೆಯುವುದು ಇದನ್ನೇ. ಅಚ್ಚಾದ ಕಾರ್ಯಕ್ರಮಪಟ್ಟಿಯಲ್ಲಿ ಅದಕ್ಕೆ ಸ್ಥಳವಿರುವುದಿಲ್ಲ, ಜನ ಬರುವುದು ಬಹುಮಟ್ಟಿಗೆ ಅದಕ್ಕಾಗಿಯೇ. ಇಲ್ಲಿ ದೊರೆಯುವುದು ಮಾಹಿತಿಯಲ್ಲ. ಮಾಹಿತಿಯನ್ನು ಮನೆಯಲ್ಲಿ ಕುಳಿತೇ ಓದಿಕೊಳ್ಳಬಹುದು. ಇಲ್ಲಿ ದೊರೆಯುವುದು ವಿದ್ಯೆಯೊಂದನ್ನು ಹೊತ್ತಿರುವ ಜನರ ಸಾನ್ನಿಧ್ಯ, ನಮ್ಮ ಹಿರಿಯರು ಸತ್ಸಂಗವೆಂದು ಕರೆದುದಕ್ಕೆ ಬಹು ಸಮೀಪವಾದ ಒಂದು ಅನುಭವ. ಸಾವಿರಾರು ಜನ ಸಂಚರಿಸುವ ಪ್ರದರ್ಶನಶಾಲೆಯಲ್ಲಿ ಇದು ಅಸಾಧ್ಯವೆನ್ನಲಾಗದು. ಆದರೆ ಅಲ್ಲಿ ಅದು ಅದೃಷ್ಟದ ಮಾತು, ಇಲ್ಲಿ ಅದು ಏರ್ಪಾಡಿನ ಸ್ವಭಾವ.

ಸಂಗಮವನ್ನು ಸಮರ್ಥಿಸುವವರು ಇದಕ್ಕೆ ಹೇಳುವ ಉತ್ತರವನ್ನು ಪೂರ್ವಪಕ್ಷವೆಂದು ತಳ್ಳಿಬಿಡದೆ ಗೌರವದಿಂದ ಕೇಳಬೇಕು. ಒಂದೇ ಭಾಷೆಯವರು ತಮ್ಮತಮ್ಮೊಳಗೇ ಮಾತಾಡಿಕೊಳ್ಳುತ್ತಿದ್ದರೆ ಅವರ ಮಾತು ಕ್ರಮೇಣ ಪುನರುಕ್ತಿಯಾಗುತ್ತದೆ, ಹೊಸಬರು ಬರುವುದಿಲ್ಲ, ಹಳಬರ ನೆನಪುಗಳೇ ಸಭೆಯ ವಿಷಯವಾಗಿಬಿಡುತ್ತವೆ, ನಡಸುವ ನಾಲ್ಕು ಜನ ದಣಿದು ಕೈಚೆಲ್ಲಿದ ದಿನ ಎಲ್ಲವೂ ಮುಗಿಯುತ್ತದೆ. ಇದಕ್ಕಿಂತ ವಿಶಾಲವಾದುದರಲ್ಲಿ ಕೂಡಿ ಬಾಳುವುದು ಲೇಸಲ್ಲವೆ? ನಾಮರೂಪಗಳ ಮೇಲಿನ ಮೋಹವೇ ಬಂಧನವೆಂದು ವೇದಾಂತ ಹೇಳುವುದಿಲ್ಲವೆ? ಹರಿಯುವ ನದಿಗಳು ತಮ್ಮ ಹೆಸರನ್ನೂ ಆಕಾರವನ್ನೂ ತೊರೆದು ಸಮುದ್ರದಲ್ಲಿ ಅಸ್ತಮಿಸುವ ದೃಷ್ಟಾಂತ ಮುಂಡಕೋಪನಿಷತ್ತಿನಲ್ಲಿ ಉಂಟಷ್ಟೆ. ಚಿಕ್ಕ ಸಭೆಯೂ ಹಾಗೆಯೇ ತನ್ನ ಅಹಂಕಾರವನ್ನು ಬಿಟ್ಟು ಹಿರಿದರಲ್ಲಿ ಒಂದಾಗಲಿ ಎಂಬುದು ಅವರ ವಾದ.

ಆ ದೃಷ್ಟಾಂತ ಸತ್ಯವಾದುದೇ. ಆದರೆ ಅದನ್ನು ಇಲ್ಲಿ ಅನ್ವಯಿಸುವಲ್ಲಿ ಒಂದು ದೋಷವುಂಟು. ಉಪನಿಷತ್ತಿನ ನದಿ ಸೇರುವುದು ಸಮುದ್ರವನ್ನು. ಮಹಾಸಮ್ಮೇಳನ ಸಮುದ್ರವಲ್ಲ, ಅದು ಇನ್ನೊಂದು ನದಿ. ಅದರ ಪಾತ್ರ ಅಗಲವಾಗಿರಬಹುದು, ನೀರು ಹೆಚ್ಚಾಗಿರಬಹುದು. ಆದರೂ ಅದಕ್ಕೆ ದಡಗಳುಂಟು, ಅದಕ್ಕೂ ಒಂದು ನಾಮ, ಒಂದು ರೂಪ, ಬತ್ತುವ ಒಂದು ಕಾಲ ಉಂಟು. ಅದ್ವೈತಿಯು ಉಪಾಧಿ ಕಳೆಯಬೇಕೆಂದು ಹೇಳುವನೇ ಹೊರತು, ಸಣ್ಣ ಉಪಾಧಿಯನ್ನು ಬಿಟ್ಟು ದೊಡ್ಡದನ್ನು ಹಿಡಿಯಬೇಕೆಂದು ಹೇಳುವವನಲ್ಲ. ಗಾತ್ರದಲ್ಲಿ ಬೃಹತ್ತಾದುದನ್ನು ಬ್ರಹ್ಮವೆಂದು ಭ್ರಮಿಸುವುದೂ ಅಧ್ಯಾಸವೇ. ನದಿಗಳು ನದಿಗಳನ್ನು ಸೇರುವ ಬಗೆಯನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ. ಅಲ್ಲಿಂದ ಮುಂದಕ್ಕೆ ಹೆಸರು ಕೃಷ್ಣೆಯದು. ಶಿವಮೊಗ್ಗೆಯ ಹತ್ತಿರ ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಸೇರುತ್ತಾರೆ. ಮುಂದಿನ ಹೊಳೆ ಇಬ್ಬರ ಹೆಸರನ್ನೂ ಹೊತ್ತು ಹರಿಯುತ್ತದೆ. ಎರಡೂ ಪವಿತ್ರ ಸಂಗಮಗಳೇ, ಎರಡೂ ಕಡೆ ಜನ ಮಿಂದು ಕೃತಾರ್ಥರಾಗುತ್ತಾರೆ. ಸೇರುವುದೆಂದರೆ ಒಂದೇ ಬಗೆಯಲ್ಲವೆಂಬುದನ್ನು ಇವು ತಿಳಿಸುತ್ತವೆ. ಆದುದರಿಂದ ಸೇರಬೇಕೆ ಬೇಡವೆ ಎಂಬುದಕ್ಕಿಂತ ಯಾವ ಬಗೆಯಲ್ಲಿ ಸೇರಬೇಕೆಂಬುದೇ ಮುಖ್ಯವಾದ ಪ್ರಶ್ನೆ.

ಹಾಗಾದರೆ ಕಾಪಾಡಿಕೊಳ್ಳಬೇಕಾದುದು ಹೆಸರೇ ಎಂದು ಕೇಳಬಹುದು. ಅಲ್ಲವೆಂದು ಚರಿತ್ರೆಯೇ ಹೇಳುತ್ತದೆ. ಓಸ್ಕಾನಿನೊಳಗೆ ಮೊದಮೊದಲು ಪರ್ಲ್ ಸಮ್ಮೇಳನವೆಂಬ ಹೆಸರು ಉಳಿದೇ ಇದ್ದಿತು. ಬರಬರುತ್ತ ಅದು ಅನೇಕ ಟ್ರ್ಯಾಕುಗಳಲ್ಲಿ ಒಂದಾಯಿತು. ಹೆಸರಿದ್ದೂ ಸತ್ತ್ವ ತೆಳುವಾಗುವುದು ಸಾಧ್ಯವೆಂಬುದಕ್ಕೆ ಇದು ನಿದರ್ಶನ. ಜಪಾನಿನಲ್ಲಿ ಆದುದು ಇದಕ್ಕೆ ವಿಪರ್ಯಾಯ. ಅಲ್ಲಿನ ಯಾಪ್ಸಿ ಏಷ್ಯಾ ಪರ್ಲ್ ಸಮ್ಮೇಳನವೆಂಬ ಹೆಸರನ್ನು ಬಿಡದೆ, ಇತರ ಭಾಷೆಗಳ ಜನರಿಗೂ ವಿಷಯಗಳಿಗೂ ಬಾಗಿಲನ್ನು ತೆರೆಯುತ್ತ ಹೋಗಿ, 2015ರ ವೇಳೆಗೆ ಎರಡು ಸಾವಿರಕ್ಕೂ ಮಿಕ್ಕ ಜನರ ಮಹಾಸಭೆಯಾಯಿತು. ಆ ಎತ್ತರದಲ್ಲಿ ಅದನ್ನು ನಡಸಿದವರು ಅದಕ್ಕೆ ಮುಕ್ತಾಯ ಹೇಳಿದರು. ಬಳಿಕ ಯಾಪ್ಸಿ ಜಪಾನ್ ಎಂಬ ರೂಪದಿಂದ ಅದು ಬೇರೆ ಬೇರೆ ಪ್ರಾಂತಗಳಲ್ಲಿ ಮತ್ತೆ ತಲೆಯೆತ್ತಿತು. ವಿಷಯ ಹಿಗ್ಗಿದರೂ, ಸಂಖ್ಯೆ ಏರಿದರೂ, ಒಮ್ಮೆ ನಿಂತುಹೋದರೂ, ಅದನ್ನು ಮತ್ತೆ ಕೂಡಿಸಬಲ್ಲ ಜನ ಉಳಿದಿದ್ದರು. ಸಭೆಯ ಆತ್ಮ ಅದರ ಹೆಸರಲ್ಲ, ಚಾವಣಿಯಲ್ಲ, ಸಂಖ್ಯೆಯಲ್ಲ. ತನ್ನನ್ನು ತಾನು ಕೂಡಿಸಿಕೊಳ್ಳುವ ಶಕ್ತಿಯೇ ಅದರ ಆತ್ಮ. ನಾನು ಈ ಪ್ರಬಂಧದಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಇದೊಂದನ್ನೇ.

ಆ ಶಕ್ತಿಯನ್ನು ಇಟ್ಟುಕೊಂಡು ಹಿರಿದಾದುದಕ್ಕೆ ಸೇರಿರಲು ಸಾಧ್ಯವೆ? ಸಾಧ್ಯವೆಂಬುದಕ್ಕೆ ಪರ್ಲ್ ಭಾಷೆಯೊಳಗಿನ ಒಂದು ವಿಧಿಯೇ ನನಗೆ ಸಾಕ್ಷಿಯಾಗಿ ಕಾಣುತ್ತದೆ. ಆ ಭಾಷೆಯಲ್ಲಿ ‘ಬ್ಲೆಸ್’ ಎಂಬ ಆಜ್ಞೆಯೊಂದುಂಟು. ಒಬ್ಬ ವ್ಯಕ್ತಿಯ ಹೆಸರು, ಊರು, ಉದ್ಯೋಗ ಎಂಬ ವಿವರಗಳನ್ನು ಹೊತ್ತ ಒಂದು ಹ್ಯಾಶ್ ಇದೆಯೆಂದು ಭಾವಿಸೋಣ. ಅದು ತನ್ನಷ್ಟಕ್ಕೆ ತಾನು ಇರುವ ವಿವರಗಳ ಗಂಟು. ಯಾವ ಕುಲಕ್ಕೂ ಸೇರಿದುದಲ್ಲ. ಅದರ ರೆಫರೆನ್ಸನ್ನು ಒಂದು ಪ್ಯಾಕೇಜಿನ ಹೆಸರಿನೊಡನೆ ಬ್ಲೆಸ್ ಮಾಡಿದ ಕ್ಷಣದಿಂದ ಅದು ಆ ಪ್ಯಾಕೇಜಿಗೆ ಸೇರಿದ ಆಬ್ಜೆಕ್ಟ್ ಆಗುತ್ತದೆ. ಆ ಪ್ಯಾಕೇಜಿನ ಮೆಥಡ್‌ಗಳೆಲ್ಲ ಅದಕ್ಕೆ ಒದಗುತ್ತವೆ. ಆದರೆ ಒಳಗಿನ ವಿವರಗಳಲ್ಲಿ ಒಂದಕ್ಷರವೂ ಮಾರ್ಪಡುವುದಿಲ್ಲ. ಹೆಸರು ಅದೇ ಹೆಸರು, ಊರು ಅದೇ ಊರು. ಮುಂದೆ ಬೇಕೆಂದರೆ ಅದನ್ನು ಇನ್ನೊಂದು ಪ್ಯಾಕೇಜಿಗೆ ಬ್ಲೆಸ್ ಮಾಡಬಹುದು. ಆಗಲೂ ವಿವರಗಳು ಇದ್ದಂತೆಯೇ ಇರುತ್ತವೆ. ವಸ್ತುವಿನ ಒಳಗನ್ನು ಕದಡದೆ ಅದಕ್ಕೆ ಒಂದು ಆಶ್ರಯವನ್ನೂ ಸಾಮರ್ಥ್ಯವನ್ನೂ ಕೊಡುವ ಸಂಬಂಧ ಇದು.

ವಿಶಿಷ್ಟಾದ್ವೈತದ ದರ್ಶನ ಇದಕ್ಕೆ ಇನ್ನೂ ಆಳವಾದ ಅಡಿಪಾಯವನ್ನು ಕೊಡುತ್ತದೆ. ರಾಮಾನುಜರ ಮತದಲ್ಲಿ ಜೀವನು ಪರಮಾತ್ಮನಿಂದ ಬೇರ್ಪಟ್ಟು ನಿಲ್ಲತಕ್ಕವನಲ್ಲ, ಅವನಲ್ಲಿ ಕರಗಿ ಇಲ್ಲವಾಗತಕ್ಕವನೂ ಅಲ್ಲ. ಶರೀರವು ಶರೀರಿಗೆ ಹೇಗೋ ಹಾಗೆ ಅವನು ಶೇಷ, ಪರಮಾತ್ಮನು ಶೇಷಿ. ಅಂಗಕ್ಕೆ ಅಸ್ತಿತ್ವವುಂಟು, ಆದರೆ ಅದು ತನಗಾಗಿ ಮಾತ್ರ ಇರುವುದಲ್ಲ. ಈ ದೃಷ್ಟಿಯನ್ನು ನಮ್ಮ ವಿಷಯಕ್ಕೆ ತಂದಾಗ ಬಹಳ ಎಚ್ಚರಿಕೆ ಬೇಕು. ಮಹಾಸಮ್ಮೇಳನವೇ ಶೇಷಿ, ಭಾಷೆಯ ಸಭೆ ಅದರ ಶೇಷ ಎಂದು ತಿಳಿದರೆ ಅದು ಸಂಪೂರ್ಣ ತಪ್ಪಾಗುತ್ತದೆ. ಚಿಕ್ಕ ಸಭೆಯೂ ಶೇಷ, ದೊಡ್ಡ ಸಭೆಯೂ ಶೇಷ. ಎರಡಕ್ಕೂ ಶೇಷಿಯಾದುದು ವಿದ್ಯೆ, ಮತ್ತು ಆ ವಿದ್ಯೆಯಿಂದ ಉಪಕಾರ ಹೊಂದತಕ್ಕ ಲೋಕ. ಯಾವುದಾದರೊಂದು ದೊಡ್ಡ ಸಭೆ ತನ್ನನ್ನೇ ಶೇಷಿಯೆಂದು ಭಾವಿಸಿ, ಬಂದು ಸೇರಿದ ಸಣ್ಣ ಸಭೆಗಳನ್ನು ತನ್ನ ವೈಭವಕ್ಕೆ ಒದಗುವ ಆಭರಣಗಳಂತೆ ಎಣಿಸಿದರೆ, ಆ ಕೂಟದಲ್ಲಿ ಅಂಗಾಂಗಿಭಾವವಿಲ್ಲ; ಸ್ವಾಮ್ಯ ಮಾತ್ರ ಉಂಟು.

ಉಡುಪಿಯ ಆಚಾರ್ಯರ ಮಾತೂ ಇಲ್ಲಿ ಕೇಳತಕ್ಕದ್ದು. ಭೇದ ಮಿಥ್ಯೆಯಲ್ಲ, ಸತ್ಯ ಎಂಬುದು ಮಧ್ವರ ಸಿದ್ಧಾಂತ. ಜೀವರಲ್ಲಿ ತಾರತಮ್ಯವುಂಟು; ಮುಕ್ತಿಯಲ್ಲಿಯೂ ಅದು ಅಳಿಯುವುದಿಲ್ಲ; ಆದರೂ ಮುಕ್ತನಾದವನಲ್ಲಿ ಕೊರತೆಯ ಭಾವವಿಲ್ಲ, ಏಕೆಂದರೆ ಪ್ರತಿಯೊಬ್ಬನೂ ತನ್ನ ಯೋಗ್ಯತೆಗೆ ತಕ್ಕ ಆನಂದದಿಂದ ಸಂಪೂರ್ಣನಾಗಿರುತ್ತಾನೆ. ಈ ತತ್ತ್ವದಲ್ಲಿರುವ ಸಾಂತ್ವನ ಅಲ್ಪವಾದುದಲ್ಲ. ಇನ್ನೂರು ಜನರ ಸಭೆ ಇಪ್ಪತ್ತು ಸಾವಿರ ಜನರ ಸಭೆಯ ಮುಂದೆ ತನ್ನನ್ನು ಅಪೂರ್ಣವೆಂದು ಎಣಿಸಬೇಕಾದುದಿಲ್ಲ. ತನಗೆ ಸಹಜವಾದುದನ್ನು ಪೂರ್ತಿಯಾಗಿ ಆಗಿರುವುದೇ ಅದರ ಪೂರ್ಣತೆ. ಬೆಳೆಯಲೇಬೇಕು, ಬೆಳೆಯದಿದ್ದರೆ ಅಳಿಯುತ್ತೇವೆ ಎಂಬ ಭೀತಿ ಇಂದಿನ ವ್ಯಾಪಾರಲೋಕದಿಂದ ನಮ್ಮ ಎಲ್ಲ ಸಂಸ್ಥೆಗಳಿಗೂ ಹಬ್ಬಿರುವ ಒಂದು ಜ್ವರ; ಆ ಜ್ವರದಲ್ಲಿ ಕೈಗೊಂಡ ನಿರ್ಧಾರವನ್ನು ವಿವೇಕವೆಂದು ಹೇಳಲಾಗದು. ಇದಕ್ಕೆ ಎದುರಾದ ಅಪಾಯವೂ ಒಂದುಂಟು. ಭೇದ ಸತ್ಯವೆಂದ ಮಾತ್ರಕ್ಕೆ ಭೇದದಲ್ಲಿ ಮದವಿರಬೇಕೆಂದಲ್ಲ. ನಾವು ಕೆಲವರೇ ಬಲ್ಲವರು, ಹೊರಗಿನವರಿಗೆ ಇದರ ಸೂಕ್ಷ್ಮ ತಿಳಿಯದು ಎಂದು ಬಾಗಿಲಿಕ್ಕಿಕೊಂಡ ಸಭೆ ಚಿಕ್ಕದಾಗಿಯೇ ಉಳಿದರೂ ಶುದ್ಧವಾಗಿ ಉಳಿಯಲಾರದು. ಐದು ನಿಮಿಷದ ವೇದಿಕೆಗೆ ಹೊಸಬರು ಏರುವುದು ನಿಂತ ದಿನವೇ ಅದರ ಪ್ರಾಣ ಹೋದಂತೆ.

ಕಾಲ ಕೊಟ್ಟ ತೀರ್ಪನ್ನೂ ನೋಡೋಣ. 2016ರ ಸುಮಾರಿಗೆ ಅಮೆರಿಕದ ಯಾಪ್ಸಿ ತನ್ನ ಹೆಸರನ್ನು ಬದಲಿಸಿಕೊಂಡು ಪರ್ಲ್ ಕಾನ್ಫರೆನ್ಸ್ ಎಂದು ಕರೆದುಕೊಂಡಿತು. ಮಹಾಸಭೆಯೊಳಗೆ ಲೀನವಾಗಿದ್ದ ಹಳೆಯ ಹೆಸರು ಹೀಗೆ ಚಿಕ್ಕ ಸಭೆಯ ಮೂಲಕ ಮರಳಿ ಬಂದಿತು. ಓಸ್ಕಾನ್ 2019ರಲ್ಲಿ ಪೋರ್ಟ್‌ಲ್ಯಾಂಡ್ ನಗರದಲ್ಲಿ ಸೇರಿದ್ದೇ ಕೊನೆ. 2020ರ ಮಾರ್ಚಿನಲ್ಲಿ ಕೊರೋನಾ ವ್ಯಾಧಿಯ ನಿಮಿತ್ತವಾಗಿ ಲೋಕದ ಸಭೆಗಳೆಲ್ಲ ನಿಂತಾಗ, ಅದನ್ನು ನಡಸುತ್ತಿದ್ದ ಸಂಸ್ಥೆ ತನ್ನ ಸಮ್ಮೇಳನ ವಿಭಾಗವನ್ನೇ ಶಾಶ್ವತವಾಗಿ ಮುಚ್ಚಿತು. ವ್ಯವಹಾರದೃಷ್ಟಿಯಿಂದ ಅದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಯಾವ ಸಂಸ್ಥೆಯೂ ತನಗೆ ಭಾರವಾದುದನ್ನು ಎಂದೆಂದಿಗೂ ಹೊರಲಾರದು. ಆದರೆ ಪರ್ಲ್ ಜನ ಅದೇ ವರ್ಷ ಮನೆಮನೆಯಿಂದಲೇ ವಿಡಿಯೊ ಮೂಲಕ ತಮ್ಮ ಸಭೆಯನ್ನು ನಡಸಿ, ತರುವಾಯ ಹೂಸ್ಟನ್, ಟೊರಾಂಟೊ ಮೊದಲಾದ ಊರುಗಳಲ್ಲಿ ಮತ್ತೆ ಮುಖಾಮುಖಿಯಾಗಿ ಕೂಡಿದರು. ಇದರಿಂದ ಚಿಕ್ಕದು ಗೆದ್ದಿತು, ದೊಡ್ಡದು ಸೋತಿತು ಎಂದು ಹೇಳುವುದು ಬಾಲಿಶ. ಓಸ್ಕಾನ್ ಇಪ್ಪತ್ತು ವರ್ಷ ಹಂಚಿದ ಉಪಕಾರ ಎಣಿಕೆಗೆ ಮೀರಿದುದು. ಆದರೆ ಪಿಟ್ಸ್‌ಬರ್ಗಿನಲ್ಲಿ 1999ರಲ್ಲಿ ಹೊತ್ತಿಸಿದ ದೀಪ ಇಲ್ಲದೆ ಹೋಗಿದ್ದರೆ, 2020ರಲ್ಲಿ ಆ ಜನಕ್ಕೆ ತಮ್ಮದೆಂದು ಹೇಳಿಕೊಳ್ಳುವ ಒಂದು ಕೂಟವೂ ಉಳಿಯುತ್ತಿರಲಿಲ್ಲ.

ಇದೇ ಜನರ ನಡುವೆ ನಡೆದ ಇನ್ನೊಂದು ಘಟನೆ ವಿಚಾರಕ್ಕೆ ಇನ್ನಷ್ಟು ಬೆಳಕನ್ನು ಕೊಡುತ್ತದೆ. ಪರ್ಲ್ ಭಾಷೆಯ ಮರುರಚನೆಯೆಂದು 2000ದಲ್ಲಿ ಆರಂಭವಾದ ಕಾರ್ಯ ಹದಿನೈದು ವರ್ಷಗಳ ದುಡಿಮೆಯಿಂದ ಬೇರೊಂದು ಭಾಷೆಯಾಗಿಯೇ ಬೆಳೆಯಿತು. ಎರಡಕ್ಕೂ ಒಂದೇ ಹೆಸರಿದ್ದುದರಿಂದ ಎರಡು ಕಡೆಯವರಿಗೂ ಸಂಕಟವಾಗುತ್ತಿದ್ದಿತು. ಹೊಸದಕ್ಕೆ ರಾಕು ಎಂಬ ಬೇರೆ ಹೆಸರಿಡುವ ಸೂಚನೆ ಬಂದಾಗ, ಲ್ಯಾರಿ ವಾಲ್ 2019ರ ಅಕ್ಟೋಬರಿನಲ್ಲಿ ಅದಕ್ಕೆ ಸಮ್ಮತಿಸುತ್ತ ನೆನೆದದ್ದು ಹೊಸ ದ್ರಾಕ್ಷಾರಸವನ್ನು ಹಳೆಯ ಚರ್ಮದ ಬುದ್ದಲಿಗಳಲ್ಲಿ ತುಂಬಬಾರದೆಂಬ ಕ್ರಿಸ್ತನ ಸಾಮತಿಯನ್ನು. ಹಾಗೆ ತುಂಬಿದರೆ ರಸವೂ ಹೋಗುತ್ತದೆ, ಬುದ್ದಲಿಯೂ ಹರಿಯುತ್ತದೆ. ಬೇರೆಯಾಗಿಟ್ಟರೆ ಎರಡೂ ಉಳಿಯುತ್ತವೆ ಎಂಬುದು ಅಲ್ಲಿನ ಭಾವ. ಭಾಷೆಗಳು ಹೀಗೆ ಬೇರೆಯಾದುವು. ಆದರೆ ಸಭೆ ಬೇರೆಯಾಗಲಿಲ್ಲ. ಅನಂತರದ ವರ್ಷಗಳಲ್ಲಿ ಅದು ಪರ್ಲ್ ಮತ್ತು ರಾಕು ಸಮ್ಮೇಳನವಾಗಿ, ಎರಡರ ಹೆಸರನ್ನೂ ತಲೆಯ ಮೇಲೆ ಹೊತ್ತು ನಡೆಯಿತು. ಸ್ವರೂಪದಲ್ಲಿ ಭೇದ, ಸಹವಾಸದಲ್ಲಿ ಅಭೇದ: ದಾರ್ಶನಿಕರು ನೂರಾರು ಪುಟಗಳಲ್ಲಿ ಚರ್ಚಿಸಿದುದನ್ನು ಆ ಜನ ತಮ್ಮ ನಡೆಯಲ್ಲಿ ಸರಳವಾಗಿ ತೋರಿಸಿಕೊಟ್ಟರು.

ನಮ್ಮ ಬೆಂಗಳೂರಿಗೂ ಈ ಅನುಭವ ಅಪರಿಚಿತವಲ್ಲ. ಲಿನಕ್ಸಿನ ಹೆಸರಿನಲ್ಲಿ 2001ರಲ್ಲಿ ಇಲ್ಲಿ ಆರಂಭವಾದ ಸಮ್ಮೇಳನ, 2005ರಲ್ಲಿ ಫಾಸ್.ಇನ್ ಎಂಬ ವಿಶಾಲವಾದ ಹೆಸರನ್ನು ತಳೆದು, ದೇಶವಿದೇಶಗಳ ಕೆಲಸಗಾರರನ್ನು ಬರಮಾಡಿಕೊಂಡು, 2012ರಲ್ಲಿ ಮುಕ್ತಾಯವಾಯಿತು. ಪೈಥಾನ್ ಭಾಷೆಯ ಭಾರತೀಯ ಸಮ್ಮೇಳನ 2009ರಲ್ಲಿ ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ಮೊದಲು ಸೇರಿದ್ದು. ಸ್ವಯಂಸೇವಕರ ಕೈಯಿಂದ ಕೈಗೆ ದಾಟುತ್ತ, ಊರಿನಿಂದ ಊರಿಗೆ ಸಾಗುತ್ತ, ಅದು ಮುಂದುವರಿದು ಬಂದಿದೆ. ಒಂದು ಏತಕ್ಕೆ ನಿಂತಿತು, ಇನ್ನೊಂದು ಏತಕ್ಕೆ ಉಳಿಯಿತು ಎಂಬುದಕ್ಕೆ ಕಾರಣಗಳು ಹಲವಿರಬಹುದು. ಕೈಯಿಂದ ಕೈಗೆ ದಾಟಿಸುವ ಅಭ್ಯಾಸವಿರುವಲ್ಲಿ ಸಭೆ ಒಬ್ಬರ ಆಯಾಸದೊಡನೆ ಅಳಿಯುವುದಿಲ್ಲ ಎಂಬುದನ್ನಂತೂ ನಾವು ಧಾರಾಳವಾಗಿ ಗ್ರಹಿಸಬಹುದು.

ಆದುದರಿಂದ, ಅಂಥ ಕರೆಯನ್ನು ಎದುರಿಗಿಟ್ಟುಕೊಂಡು ಕುಳಿತಿರುವ ಸ್ನೇಹಿತರಿಗೆ ನನ್ನ ವಿನಂತಿ ಇಷ್ಟು. ಸೇರುವುದಕ್ಕೆ ಅಂಜಬೇಡಿರಿ, ವಿದ್ಯೆಗೆ ವಿಶಾಲವಾದ ಗಾಳಿ ಬೇಕು, ನೆರೆಹೊರೆ ಬೇಕು, ಪರಭಾಷೆಯವನ ಪ್ರಶ್ನೆ ಬೇಕು. ಆದರೆ ಸೇರುವ ಮುನ್ನ, ನಿಮ್ಮ ಸಭೆಯಲ್ಲಿ ಯಾವುದು ಹೋದರೆ ಉಳಿದದ್ದೆಲ್ಲ ಇದ್ದೂ ಇಲ್ಲದಂತಾಗುವುದೋ ಅದನ್ನು ಗುರುತಿಸಿಕೊಳ್ಳಿರಿ. ಉಪನ್ಯಾಸಗಳನ್ನು ಆರಿಸುವ ಅಧಿಕಾರ, ಬಡವನಾದ ಹೊಸಬನಿಗೆ ಬಾಗಿಲನ್ನು ತೆರೆದಿಡುವ ಅಧಿಕಾರ, ನಿಮ್ಮ ಜನರನ್ನು ನೀವೇ ಕರೆಯಬಲ್ಲ ಸಂಪರ್ಕ, ಮುಂದಿನ ವರ್ಷ ಬೇರೆಯಾಗಿ ಕೂಡಬೇಕೆನಿಸಿದರೆ ಮನಸ್ತಾಪವಿಲ್ಲದೆ ಹೊರಡಬಲ್ಲ ಸ್ವಾತಂತ್ರ್ಯ: ಇವು ನಿಮ್ಮ ಕೈಯಲ್ಲಿ ಉಳಿಯುವುದಾದರೆ ಯಾವ ಚಾವಣಿಯ ಕೆಳಗೆ ಕುಳಿತರೂ ನೀವು ನೀವೇ ಆಗಿರುವಿರಿ. ಇವನ್ನು ಒಪ್ಪಿಸಿಬಿಟ್ಟು ಹೆಸರನ್ನು ಮಾತ್ರ ಫಲಕದ ಮೇಲೆ ಉಳಿಸಿಕೊಂಡರೆ, ಆದುದು ಸಂಗಮವಲ್ಲ, ವಿಸರ್ಜನೆ. ದೊಡ್ಡ ಸಭೆಗಳನ್ನು ನಡಸುವವರಲ್ಲಿಯೂ ಒಂದು ಮಾತು: ಅತಿಥಿಗೆ ಕೊಠಡಿಯನ್ನು ಕೊಟ್ಟರೆ ಸಾಲದು, ಅವನು ತನ್ನ ಮನೆಯ ಒಲೆಯನ್ನು ಆರಿಸದೆ ಬರುವಂತೆ ನೋಡಿಕೊಳ್ಳುವುದೂ ಆತಿಥ್ಯಧರ್ಮವೇ.

ಐಕ್ಯ ದೊಡ್ಡ ಮಾತು. ನಮ್ಮ ಶರಣರ ಷಟ್‌ಸ್ಥಲಗಳಲ್ಲಿ ಅದು ಕೊನೆಯದು, ಮಿಕ್ಕ ಐದನ್ನು ಬಾಳಿ ದಾಟಿದವರಿಗೆ ಮಾತ್ರ ಎಟಕುವುದು. ದಣಿವಿನಿಂದಲೋ ಭೀತಿಯಿಂದಲೋ ಬಾಡಿಗೆಯ ಹೊರೆಯಿಂದಲೋ ಕೂಡಿದ ಮಾತ್ರಕ್ಕೆ ಅದು ಐಕ್ಯವಾಗುವುದಿಲ್ಲ. ತನ್ನ ಧರ್ಮವನ್ನು ಅರಿತು, ಅದನ್ನು ತಾನೇ ನಡಸಬಲ್ಲೆನೆಂಬ ಧೈರ್ಯವನ್ನು ಪಡೆದು, ಆಮೇಲೆ ಪ್ರೀತಿಯಿಂದ ಹಿರಿದಾದುದರ ಕಡೆಗೆ ಕೈಚಾಚುವ ಸಮುದಾಯಕ್ಕೆ ಸೇರುವುದೂ ಶ್ರೇಯಸ್ಸೇ, ಬೇರೆಯಾಗಿರುವುದೂ ಶ್ರೇಯಸ್ಸೇ. ಆ ಧೈರ್ಯವನ್ನು ಕಳೆದುಕೊಂಡ ಸಮುದಾಯವನ್ನು ಎಷ್ಟು ದೊಡ್ಡ ಸಭಾಂಗಣವೂ ಉಳಿಸಲಾರದು.